ಚಿಲಕ ಮುಟ್ಟಲು ಅನುಮತಿ

ಶಿಸ್ತು ಇರುವ ಕಡೆ ತಮಾಷೆ ನಡೆಯುವುದಿಲ್ಲ ಎಂದು ನಾನು ಬಹಳ ವರ್ಷ ನಂಬಿದ್ದೆ. ಮಾಧವರಂನ ಈ ಮನೆಗೆ ಮೇಟ್ರನ್ ಆಗಿ ಬಂದ ಮೇಲೆ ತಿಳಿಯಿತು, ಶಿಸ್ತು ಬಿಗಿಯಾದಷ್ಟೂ ತಮಾಷೆ ಹೆಚ್ಚು. ಒಂದು ವಾರ ಏನೂ ನಡೆಯಲಿಲ್ಲವೆಂದರೆ ನಾನು ಥರ್ಮಾಮೀಟರ್ ಹಿಡಿದು ಒಬ್ಬೊಬ್ಬರ ಮಂಚದ ಹತ್ತಿರ ಹೋಗುತ್ತೇನೆ.

ಮನೆ ಎಂಥದ್ದೆಂದು ಮೊದಲು ಹೇಳಿಬಿಡುತ್ತೇನೆ. ಕುಡಿತದ ದೆಸೆಯಿಂದ ಕೋರ್ಟಿನ ಕಟಕಟೆ ಹತ್ತಿದ ಗಂಡಸರಲ್ಲಿ ಕೆಲವರನ್ನು ಜೈಲಿಗೆ ಅಟ್ಟದೆ, "ಆರು ತಿಂಗಳು ಅಲ್ಲಿರು, ಕುಡಿಯಬೇಡ, ನೆಟ್ಟಗಿರು" ಎಂದು ನಮ್ಮಲ್ಲಿಗೆ ಕಳಿಸುತ್ತಾರೆ. ಹನ್ನೆರಡು ಮಂಚ, ಒಬ್ಬ ಕೌನ್ಸೆಲರ್ ಹುಡುಗಿ, ನಾನು. ತಿಂಗಳಿಗೊಮ್ಮೆ ಪ್ರೊಬೇಷನ್ ಆಫೀಸರ್ ಬಂದು ನೋಡಿ ವರದಿ ಬರೆಯುತ್ತಾರೆ. ಕೊನೆಯ ವರದಿ ಚೆನ್ನಾಗಿದ್ದರೆ ಮನೆಗೆ, ಇಲ್ಲವಾದರೆ ಜೈಲಿಗೆ. ನಾನು ಕಾನ್ವೆಂಟಿನಲ್ಲಿ ಸಿಸ್ಟರ್‌ಗಳ ಕೈಯಲ್ಲಿ ಪಳಗಿದವಳು, ಆಮೇಲೆ ನರ್ಸುಗಳ ಹಾಸ್ಟೆಲ್ ನೋಡಿಕೊಂಡವಳು. ಹಾಸಿಗೆಯ ಮೇಲೆ ಮಲಗುವವಳು ನರ್ಸಾದರೂ, ಮಲಗುವವನು ಕಳ್ಳನಾದರೂ, ಹೊದಿಕೆಯ ಮೂಲೆ ಒಂದೇ ರೀತಿ ಮಡಚಿರಬೇಕು.

ಇಲ್ಲಿ ಎಲ್ಲರೂ ಆಡುವುದು ತಮಿಳು. ನನ್ನದು ಅಪ್ಪನ ರೈಲ್ವೆ ಕ್ವಾರ್ಟರ್ಸಿನಲ್ಲಿ ಉಳಿದುಕೊಂಡ ಮೈಸೂರು ಕನ್ನಡ. ಅವರ ಮಾತನ್ನು ಕನ್ನಡಕ್ಕೆ ತರುವಾಗ ಬೈಗುಳಗಳನ್ನು ಬಿಟ್ಟಿದ್ದೇನೆ. ಬರಹ ಅರ್ಧಕ್ಕರ್ಧ ಚಿಕ್ಕದಾಗಲು ಅದೇ ಕಾರಣ.

೧. ಕುಡಿತದಿಂದ ಆದ ನಷ್ಟ

ಐವತ್ತು ದಾಟಿದ ಒಬ್ಬ ಮನುಷ್ಯ ಬಂದರು. ಎಣ್ಣೆ ಹಾಕಿ ಬಾಚಿದ ತಲೆ, ಇಸ್ತ್ರಿ ಮಾಡಿದ ಅಂಗಿ, ನೋಡಿದರೆ ಬ್ಯಾಂಕಿನಿಂದ ನಿವೃತ್ತರಾದವರಂತೆ. ಬಂದ ಮೊದಲ ದಿನವೇ ಮನೆಯ ಒಂದೊಂದು ಬಾಗಿಲನ್ನೂ ಅಕ್ಕಸಾಲಿ ಒಡವೆ ನೋಡುವಂತೆ ನೋಡಿದರು. ಅವರ ಕಸುಬು ಬೀಗ ತೆಗೆಯುವುದು, ಬೇರೆಯವರ ಮನೆಯದು. ಉಳಿದವರು 'ಪೂಟ್ಟು ಅಣ್ಣ' ಎಂದು ಕರೆದರು, ಪೂಟ್ಟು ಎಂದರೆ ಬೀಗ. ನನಗೆ ಅವರು ಬೀಗದಣ್ಣ.

ಸಿಕ್ಕಿಬಿದ್ದ ಬಗೆಯೂ ಮರ್ಯಾದಸ್ಥರದೇ. ಯಾರದೋ ಮನೆಯ ಹಿಂಬಾಗಿಲು ತೆಗೆದು ಒಳಗೆ ಹೋಗಿದ್ದಾರೆ. ಫ್ರಿಜ್ಜಿನಲ್ಲಿ ಒಂದು ಬಾಟಲಿ ಕಂಡಿದೆ. ಅದನ್ನು ಮುಗಿಸಿ ಸೋಫಾದ ಮೇಲೆ ಒರಗಿದವರನ್ನು ಮನೆಯವರು ಬಂದು ಎಬ್ಬಿಸಿದ್ದಾರೆ.

ಅವರಿಗೆ ಒಂದೇ ಚಿಂತೆ. ಮಗಳು ಮೂರು ತಿಂಗಳ ಬಸುರಿ, ಬಾಣಂತನಕ್ಕೆ ತವರಿಗೆ ಬರುವವಳು. ಹೆಂಡತಿ ಮಾತ್ರ ಖಡಾಖಂಡಿತವಾಗಿ ಹೇಳಿದ್ದಳು: "ಕೋರ್ಟಿನ ಕಾಗದ ಕೈಯಲ್ಲಿದ್ದರೆ ಬಾ. ಇಲ್ಲದಿದ್ದರೆ ಮೊಮ್ಮಗುವಿನ ಮುಖ ಕೂಡ ನಿನಗೆ ತೋರಿಸಲ್ಲ."

ಮೊದಲ ಕೌನ್ಸೆಲಿಂಗ್ ದಿನ ನಾನೂ ಕೂತಿದ್ದೆ. ಹುಡುಗಿ ಮೆಲ್ಲಗೆ ಕೇಳಿದಳು, "ಅಣ್ಣಾ, ಕುಡಿತದಿಂದ ನಿಮಗೇನು ನಷ್ಟ ಆಯ್ತು? ಮನಸ್ಸು ಬಿಚ್ಚಿ ಹೇಳಿ."

"ಕೆಲಸ ಕೆಟ್ಟು ಹೋಯ್ತಮ್ಮಾ," ಎಂದರು ಕಣ್ಣು ಒರೆಸಿಕೊಂಡು. "ಕುಡೀದೆ ಇದ್ದಾಗ ಇಪ್ಪತ್ತು ವರ್ಷದಲ್ಲಿ ಒಂದು ದಿನಾನೂ ಸಿಕ್ಕಿಬಿದ್ದವನಲ್ಲ."

ಹುಡುಗಿ ಪೆನ್ನು ಕೆಳಗಿಟ್ಟು ನನ್ನ ಮುಖ ನೋಡಿದಳು. ಸುಳ್ಳು ಬರೆಯುವುದು ನನ್ನ ಸ್ವಭಾವವಲ್ಲ. ನಾನೇ ಹೇಳಿ ಬರೆಸಿದೆ: "ಕುಡಿತ ಬಿಟ್ಟರೆ ವೃತ್ತಿಯಲ್ಲಿ ಏಕಾಗ್ರತೆ ಹೆಚ್ಚುತ್ತದೆಂದು ಇವರಿಗೆ ಮನವರಿಕೆಯಾಗಿದೆ."

೨. ಊದುವ ಯಂತ್ರ

ಸಂಜೆ ಆರರ ಮೇಲೆ ಗೇಟಿನೊಳಗೆ ಬರುವ ಪ್ರತಿಯೊಬ್ಬ ಗಂಡಸೂ ಉಸಿರು ಪರೀಕ್ಷೆಯ ಯಂತ್ರಕ್ಕೆ ಊದಬೇಕು. ನಿಯಮ ಗೋಡೆಯ ಮೇಲಿದೆ. 'ಪ್ರತಿಯೊಬ್ಬ' ಎಂದು ಬರೆದವಳು ನಾನೇ.

ವಾರ್ಷಿಕೋತ್ಸವದ ಸಂಜೆ ಮುಖ್ಯ ಅತಿಥಿಯೊಬ್ಬರು ಬಂದರು. ಮದ್ಯಪಾನದ ಕೆಡುಕುಗಳ ಬಗ್ಗೆ ಮಾತಾಡಬೇಕಾದವರು. ಟಿ. ನಗರದ ರೇಷ್ಮೆ ಅಂಗಡಿಯಿಂದ ತಂದ ಶಾಲು, ಹಾರ, ಎಲ್ಲ ಸಿದ್ಧವಿತ್ತು. ಆರು ಗಂಟೆ ಹತ್ತು ನಿಮಿಷವಾಗಿತ್ತು. ನಾನು ಯಂತ್ರ ಹಿಡಿದು ಗೇಟಿನಲ್ಲೇ ನಿಂತೆ.

"ಮೇಡಂ, ನಾನು ಚೀಫ್ ಗೆಸ್ಟ್," ಎಂದರು.

"ಸಂತೋಷ ಸರ್. ಊದಿ."

ಅವರು ನಕ್ಕರು. ನಾನು ನಗಲಿಲ್ಲ. ಕೊನೆಗೆ ಊದಿದರು. ಯಂತ್ರ ಬೀದಿಗೆಲ್ಲ ಕೇಳುವಂತೆ ಕೂಗಿತು.

"ಕೆಮ್ಮಿನ ಔಷಧಿ," ಎಂದರು ಅತಿಥಿಗಳು.

ಹಿಂದೆ ಸಾಲಾಗಿ ನಿಂತಿದ್ದ ಹನ್ನೆರಡು ಜನರ ಮುಖದಲ್ಲೂ ಆ ಔಷಧಿಯ ಪರಿಚಯ ಇದ್ದಂತೆ ಕಂಡಿತು. ನಮ್ಮಲ್ಲಿದ್ದ ಒಬ್ಬ ಆಟೋ ಡ್ರೈವರ್ ಮುಂದೆ ಬಂದು ಅವರ ಕೈ ಹಿಡಿದುಕೊಂಡ. "ಪರವಾಗಿಲ್ಲ ಸಾರ್. ಮೊದಮೊದಲು ನಾನೂ ಕೆಮ್ಮಿನ ಔಷಧಿ ಅಂತಲೇ ಹೇಳ್ತಿದ್ದೆ. ಒಪ್ಪಿಕೊಳ್ಳೋದೇ ಕಷ್ಟ. ಬನ್ನಿ, ನಮ್ಮ ಜೊತೆ ಕೂತ್ಕೊಳ್ಳಿ."

ಅವರನ್ನು ವೇದಿಕೆ ಹತ್ತಿಸಲಿಲ್ಲ. ವೃತ್ತವಾಗಿ ಹಾಕಿದ ಕುರ್ಚಿಗಳಲ್ಲಿ ಒಂದರ ಮೇಲೆ ಕೂರಿಸಿದರು. ಭಾಷಣ ಅರ್ಧ ಗಂಟೆ ಎಂದಿತ್ತು, ಅವರು ಒಂದೂವರೆ ಗಂಟೆ ಮಾತಾಡಿದರು. ಅಪ್ಪನಿಂದ ಶುರುಮಾಡಿ, ಹೆಂಡತಿ, ಪಾಲುದಾರರವರೆಗೆ ಎಲ್ಲ ಹೇಳಿ ಅತ್ತರು. ಹೋಗುವಾಗ ನನ್ನ ಹತ್ತಿರ ಬಂದು ಸಣ್ಣ ದನಿಯಲ್ಲಿ ಕೇಳಿದರು, "ಮೇಡಂ, ಮಂಚ ಯಾವುದಾದರೂ ಖಾಲಿ ಇದೆಯಾ?"

"ಕೋರ್ಟಿನ ಆದೇಶ ತನ್ನಿ," ಎಂದೆ.

೩. ಎರಡು ಕ್ಷಮಾಪಣೆ ಪತ್ರಗಳು

ತಾವು ನೋಯಿಸಿದವರಿಗೆ ಕ್ಷಮೆ ಕೇಳಿ ಪತ್ರ ಬರೆಸುವುದು ಕೌನ್ಸೆಲಿಂಗಿನ ಒಂದು ಭಾಗ. ಹುಡುಗಿಗೆ ಭಾವನೆ ಮುಖ್ಯ. ನನಗೆ ಎಡಗಡೆ ಬಿಡಬೇಕಾದ ಮಾರ್ಜಿನ್ನೂ ಮುಖ್ಯ. ಆಟೋ ಡ್ರೈವರ್ ಹೆಂಡತಿಗೆ ಬರೆದದ್ದನ್ನು ನಾಲ್ಕು ಸಲ ತಿದ್ದಿಸಿದೆ. ಮೇಲೆ ದಿನಾಂಕ, 'ಮಾನ್ಯರೇ' ಎಂಬ ಸಂಬೋಧನೆ, ವಿಷಯ ಎಂದು ಒಂದು ಸಾಲು, ಕೊನೆಗೆ 'ತಮ್ಮ ವಿಧೇಯ'. ನೋಡಲು ಚಿತ್ರದ ಹಾಗಿತ್ತು.

ಮೂರನೆಯ ದಿನ ಸೌಕಾರ್‌ಪೇಟೆಯಿಂದ ಆ ಹೆಂಗಸು ತನ್ನ ಅಣ್ಣನನ್ನು ಕರೆದುಕೊಂಡು ಬಂದಳು. ಕೈಯಲ್ಲಿ ಪತ್ರ, ಕಣ್ಣಲ್ಲಿ ನೀರು.

"ಹದಿನೆಂಟು ವರ್ಷದಲ್ಲಿ 'ಏಯ್' ಅನ್ನೋದು ಬಿಟ್ಟು ಬೇರೆ ಏನೂ ಕರೆದವನಲ್ಲ. ಈಗ 'ಮಾನ್ಯರೇ' ಅಂತೆ! ಡೈವೋರ್ಸಿಗೇ ಹಾಕಿದ್ದಾನೆ. ಯಾರಮ್ಮ ಇದನ್ನ ಬರೆಸಿದ ವಕೀಲ?"

"ನಾನು," ಎಂದೆ.

ಅವಳ ಅಣ್ಣ ಅಂಗಿಯ ತೋಳು ಮಡಚತೊಡಗಿದ. ಅಷ್ಟರಲ್ಲಿ ಡ್ರೈವರ್ ಹೊರಗೆ ಬಂದು, "ಏಯ್! ಇಷ್ಟು ಬಿಸಿಲಲ್ಲಿ ಯಾಕೆ ಬಂದೆ? ಬುದ್ಧಿ ಇದೆಯಾ?" ಎಂದ.

ಅವಳು ಸೆರಗಿನಿಂದ ಮುಖ ಒರೆಸಿಕೊಂಡು ನಿಟ್ಟುಸಿರುಬಿಟ್ಟಳು. "ಸದ್ಯ. ನನ್ನ ಗಂಡನೇ."

ಎರಡನೆಯ ಪತ್ರ ಬೀಗದಣ್ಣನದು, ತಾವು ಮಲಗಿದ್ದ ಸೋಫಾದ ಯಜಮಾನರಿಗೆ. ಅಕ್ಷರ ಮುತ್ತಿನಂತಿತ್ತು. ತಪ್ಪಿರಲಿಲ್ಲವಾದ್ದರಿಂದ ನಾನು ಅರ್ಥದ ಕಡೆ ಗಮನ ಕೊಡಲಿಲ್ಲ. ಅದು ನನ್ನ ತಪ್ಪು. ಕೊನೆಯಲ್ಲಿ ಅವರು ಉಪಕಾರ ಬುದ್ಧಿಯಿಂದ ಒಂದು ಸಾಲು ಸೇರಿಸಿದ್ದರು: "ತಮ್ಮ ಹಿಂಬಾಗಿಲ ಚಿಲಕ ಬಹಳ ದುರ್ಬಲವಾಗಿದೆ. ನನಗೆ ಒಂದು ನಿಮಿಷವೂ ಹಿಡಿಯಲಿಲ್ಲ. ಅಡಿಗೆಮನೆ ಕಿಟಕಿ ಇನ್ನೂ ಸುಲಭ. ದಯವಿಟ್ಟು ಗಮನಿಸುವುದು."

ಯಜಮಾನರು ಅದನ್ನು ಬೆದರಿಕೆ ಎಂದುಕೊಂಡು ಪ್ರೊಬೇಷನ್ ಆಫೀಸರ ಹತ್ತಿರ ಓಡಿದರು. ಆಫೀಸರ್ ನಮ್ಮಲ್ಲಿಗೆ ಬಂದರು. ಬೀಗದಣ್ಣ ಕೈಮುಗಿದರು. "ಸಾರ್, ಒಳ್ಳೇದಕ್ಕೇ ಬರೆದೆ. ನನ್ನಂಥೋರು ಊರಲ್ಲಿ ಇನ್ನೂ ಇದ್ದಾರಲ್ಲ?"

ಆಫೀಸರ್ ತಮ್ಮ ಕೈಯಾರೆ ಒಂದು ಮುಚ್ಚಳಿಕೆ ಬರೆದು ಸಹಿ ಹಾಕಿಸಿಕೊಂಡರು: "ಆಫೀಸರ ಲಿಖಿತ ಅನುಮತಿ ಇಲ್ಲದೆ ನಾನು ಯಾವ ಬೀಗವನ್ನೂ, ಚಿಲಕವನ್ನೂ ಮುಟ್ಟುವುದಿಲ್ಲ. ಮುಟ್ಟಿದರೆ ವರದಿ ಕೆಡುತ್ತದೆ." ಅಂದಿನಿಂದ ಬೀಗದಣ್ಣ ಸ್ನಾನಕ್ಕೆ ಹೋಗುವಾಗಲೂ ಹೊರಗೆ ಒಬ್ಬರನ್ನು ಕಾವಲು ನಿಲ್ಲಿಸಿ, ಬಾಗಿಲು ಸುಮ್ಮನೆ ಒರಗಿಸಿಕೊಳ್ಳುತ್ತಿದ್ದರು.

೪. ಕೊನೆಯ ವರದಿ

ಆರು ತಿಂಗಳು ಮುಗಿಯಿತು. ಬೇಸಿಗೆ ರಜೆಗೆ ಮೊದಲು ಅದೇ ಕೋರ್ಟಿನ ಕಡೆಯ ದಿನ. ಆಫೀಸರ್ ಬೆಳಿಗ್ಗೆ ನಮ್ಮಲ್ಲಿಗೆ ಬಂದು ಕೊನೆಯ ವರದಿಗೆ ಸಹಿ ಹಾಕಿ, ಮಧ್ಯಾಹ್ನದೊಳಗೆ ಕೋರ್ಟಿಗೆ ಒಪ್ಪಿಸಬೇಕು. ತಪ್ಪಿದರೆ ರಜೆ ಮುಗಿಯುವವರೆಗೆ ಬೀಗದಣ್ಣ ಇಲ್ಲೇ. ಮಗಳು ಆಗಲೇ ತವರಿಗೆ ಬಂದಾಗಿತ್ತು, ಡಾಕ್ಟರ್ ಕೊಟ್ಟ ದಿನಕ್ಕೆ ಒಂದು ವಾರವಿತ್ತು. ಬೀಗದಣ್ಣ ಪೆಟ್ಟಿಗೆ ಕಟ್ಟಿಕೊಂಡು ಜಗಲಿಯಲ್ಲಿ ಕೂತಿದ್ದರು.

ಆಫೀಸರ್ ಬಂದರು, ಫೈಲನ್ನೂ ಫೋನನ್ನೂ ಮೇಜಿನ ಮೇಲಿಟ್ಟರು, ಕಾಫಿ ಕುಡಿದರು. "ಒಂದು ನಿಮಿಷ," ಎಂದು ಬಾತ್‌ರೂಮಿಗೆ ಹೋದರು.

ಹತ್ತು ನಿಮಿಷವಾದರೂ ಬರಲಿಲ್ಲ. ಆಮೇಲೆ ಒಳಗಿಂದ ಗುಂಡಿ ತಿರುಗಿಸುವ ಸದ್ದು, ಆಮೇಲೆ ಬಡಿಯುವ ಸದ್ದು, ಆಮೇಲೆ ದನಿ: "ಮೇಡಂ, ಬಾಗಿಲು ತೆಗೆಯೋಕೆ ಬರ್ತಾ ಇಲ್ಲ!"

ನಾನು ಹೊರಗಿಂದ ತಿರುಗಿಸಿದೆ. ಬರಲಿಲ್ಲ. ಬೀಗ ರಿಪೇರಿಯವನಿಗೆ ಫೋನ್ ಮಾಡಿದರೆ ಮೂರು ಗಂಟೆಯಾಗುತ್ತದೆ ಎಂದ. ಆಟೋ ಡ್ರೈವರ್ ಭುಜ ಒಡ್ಡಿ, "ಒಡೆದುಬಿಡ್ಲಾ ಅಮ್ಮಾ?" ಎಂದ. ದಾನಿಗಳು ಕೊಟ್ಟ ತೇಗದ ಬಾಗಿಲು. ಬೇಡವೆಂದೆ.

ಎಲ್ಲರೂ ಬೀಗದಣ್ಣನ ಕಡೆ ತಿರುಗಿದರು. ಅವರು ಎರಡು ಕೈಯನ್ನೂ ಬೆನ್ನ ಹಿಂದೆ ಕಟ್ಟಿಕೊಂಡು ಗೋಡೆಗೆ ಒರಗಿದ್ದರು.

"ಅಣ್ಣಾ, ತೆಗೀರಿ!" ಎಂದಳು ಕೌನ್ಸೆಲರ್ ಹುಡುಗಿ.

"ಆಗಲ್ಲಮ್ಮಾ. ಮುಚ್ಚಳಿಕೆ ಇದೆ."

ಒಳಗಿಂದ ಆಫೀಸರ್ ಕೂಗಿದರು, "ರೀ, ನಾನೇ ಹೇಳ್ತಾ ಇದ್ದೀನಿ, ತೆಗೀರಿ!"

"ಬಾಯಿಮಾತು ಆಗಲ್ಲ ಸಾರ್. ಲಿಖಿತ ಅಂತ ನೀವೇ ಬರೆದಿದ್ದೀರಿ. ನಾಳೆ ನೀವು ಇಲ್ಲ ಅಂದರೆ ನನ್ನ ಮೊಮ್ಮಗು ಗತಿ ಏನು?"

ಆ ಮನುಷ್ಯನ ಮೇಲೆ ನನಗೆ ಅಷ್ಟು ಗೌರವ ಅದಕ್ಕೆ ಮೊದಲು ಬಂದಿರಲಿಲ್ಲ. ಬಾಗಿಲ ಕೆಳಗಿನ ಸಂದಿಯಿಂದ ಒಂದು ಹಾಳೆ ತಳ್ಳಿದೆ. ಆಫೀಸರ ಜೇಬಿನಲ್ಲಿ ಪೆನ್ನು ಇತ್ತು. ಎರಡು ನಿಮಿಷದಲ್ಲಿ ಹಾಳೆ ಹೊರಗೆ ಬಂತು. ಓದಿದೆ. ವಾಪಸ್ಸು ತಳ್ಳಿದೆ.

"ಏನಾಯ್ತು ಮೇಡಂ?"

"ದಿನಾಂಕ ಹಾಕಿಲ್ಲ ಸರ್."

ಒಳಗೆ ಏನೋ ಮಾತು ಕೇಳಿಸಿತು. ಮೊದಲೇ ಹೇಳಿದೆನಲ್ಲ, ಅಂಥವನ್ನು ಬಿಟ್ಟಿದ್ದೇನೆ. ಹಾಳೆ ದಿನಾಂಕದೊಂದಿಗೆ ಬಂತು. ಈ ಸಲ ಬೀಗದಣ್ಣ ಕನ್ನಡಕ ಏರಿಸಿ ಓದಿದರು.

"ಅಮ್ಮಾ, ಸಹಿ ಇದೆ, ಸೀಲ್ ಇಲ್ಲ. ಬರೆದದ್ದು ಅವರೇ ಅಂತ ಹೇಗೆ ನಂಬೋದು?"

"ಬಾತ್‌ರೂಮಲ್ಲಿ ಇನ್ಯಾರಿದ್ದಾರೋ ಮಹಾರಾಯ!" ಎಂದು ಒಳಗಿಂದ ಆರ್ತನಾದ.

ಆದರೂ ಪ್ರಶ್ನೆ ನ್ಯಾಯವಾದದ್ದೇ. "ಸರ್, ಗುರುತಿನ ಕಾರ್ಡು ಕಳಿಸಿ," ಎಂದೆ. ಬಾಗಿಲ ಕೆಳಗಿಂದ ಸರ್ಕಾರಿ ಗುರುತಿನ ಕಾರ್ಡು ಜಾರಿ ಬಂತು. ಬೀಗದಣ್ಣ ಫೋಟೊ ನೋಡಿದರು, ಸಹಿ ಹೋಲಿಸಿದರು, ಕಾರ್ಡನ್ನು ಎರಡು ಬೆರಳಲ್ಲಿ ಹಿಡಿದು ಸ್ವಲ್ಪ ಬಗ್ಗಿಸಿ ನೋಡಿದರು. "ಇಷ್ಟು ಗಟ್ಟಿ ಇದ್ದರೆ ಸಾಕು," ಎಂದು ಅದೇ ಕಾರ್ಡನ್ನು ಬಾಗಿಲ ಸಂದಿಗೆ ತೂರಿಸಿ, ಒಮ್ಮೆ ಓರೆ ಮಾಡಿ, ಒಮ್ಮೆ ಒತ್ತಿದರು. ನಾನು ಕಣ್ಣು ಮಿಟುಕಿಸುವುದರೊಳಗೆ ಬಾಗಿಲು ತೆರೆದಿತ್ತು.

ಆಫೀಸರ್ ಬೆವರಿನಲ್ಲಿ ತೊಯ್ದು ನಿಂತಿದ್ದರು. ಹನ್ನೊಂದು ಜನ ಚಪ್ಪಾಳೆ ತಟ್ಟಿದರು. ಬೀಗದಣ್ಣ ಕಾರ್ಡನ್ನು ಅಂಗಿಗೆ ಒರೆಸಿ ಎರಡೂ ಕೈಯಿಂದ ಒಪ್ಪಿಸಿ, ಮತ್ತೆ ಕೈ ಬೆನ್ನ ಹಿಂದೆ ಕಟ್ಟಿಕೊಂಡರು.

ಆಫೀಸರ್ ಮೇಜಿಗೆ ಹೋಗಿ ಕೂತರು. ವರದಿಯಲ್ಲಿ 'ಹಿಂದಿನ ಅಪರಾಧದ ಕಡೆ ಒಲವು ಇದೆಯೇ' ಎಂಬ ಕಲಮು ಬಂದಾಗ ಪೆನ್ನು ನಿಂತುಹೋಯಿತು. ಬಹಳ ಹೊತ್ತು ಯೋಚಿಸಿ ಆಫೀಸರ್ ಬರೆದರು: "ಕೈಚಳಕ ಹಾಗೇ ಇದೆ. ಒಲವು ಇಲ್ಲ. ಬೀಗ ಮುಟ್ಟಲು ಒಪ್ಪಿಸುವುದು ಬಹಳ ಕಷ್ಟ."

ಸಹಿ ಬಿತ್ತು. ಆಫೀಸರ ಜೊತೆಯೇ ಕೋರ್ಟಿಗೆ ಹೋಗಿ, ಕಾಗದ ಹಿಡಿದು ಅಲ್ಲಿಂದಲೇ ಮನೆಗೆ ಹೋಗಬೇಕು ಎಂದಾಯಿತು. ಬೀಗದಣ್ಣ ಪೆಟ್ಟಿಗೆ ಎತ್ತಿಕೊಂಡು ನನ್ನ ಮುಂದೆ ಬಂದು ನಿಂತರು. ಕಣ್ಣು ತುಂಬಿತ್ತು.

"ಅಮ್ಮಾ, ಆ ಅನುಮತಿ ಪತ್ರ ನನಗೆ ಕೊಡ್ತೀರಾ? ಇಷ್ಟು ವರ್ಷದ ಕಸುಬಿನಲ್ಲಿ ಸರ್ಕಾರ ನನಗೆ ಬಾಗಿಲು ತೆಗಿ ಅಂತ ಬರೆದುಕೊಟ್ಟಿದ್ದು ಇದೊಂದೇ ಸಲ. ಫ್ರೇಮ್ ಹಾಕಿಸಿ ಮೊಮ್ಮಗುಗೆ ತೋರಿಸ್ತೀನಿ."

ಕೊಟ್ಟುಬಿಡೋಣ ಎನಿಸಿತು. ಆದರೆ ನಿಯಮ ನಿಯಮವೇ. "ಮೂಲಪ್ರತಿ ಫೈಲಿನಲ್ಲಿರಬೇಕು. ಜೆರಾಕ್ಸ್ ಕೊಡುತ್ತೇನೆ," ಎಂದೆ.

ಜೆರಾಕ್ಸ್ ಕೊಟ್ಟೆ. ಬೀಗದಣ್ಣ ಅದನ್ನು ತಿರುಗಿಸಿ ಮುರುಗಿಸಿ ನೋಡಿದರು. ಹೊರಗೆ ಜೀಪು ಹತ್ತಲು ಒಂದು ಕಾಲು ಎತ್ತಿದ್ದ ಆಫೀಸರ ಹತ್ತಿರ ನೆಟ್ಟಗೆ ಹೋಗಿ, ವಿನಯದಿಂದ ಮುಂದೆ ಹಿಡಿದರು.

"ಸಾರ್, ಅಟೆಸ್ಟ್ ಮಾಡಿಕೊಡಿ."