ಕತ್ತಿಗಳು ಹಬ್ಬಕ್ಕೆ ಹೋದ ದಿನ

ಕೊಡಗು ಇನ್ನೂ ಪ್ರತ್ಯೇಕ ರಾಜ್ಯವಾಗಿದ್ದ ಕಾಲ. ಹಾಸನದ ಕಡೆಯಿಂದ ಮೂರ್ನಾಡಿನ ಶಾಲೆಗೆ ಮೇಷ್ಟ್ರಾಗಿ ಬಂದು ಆರು ತಿಂಗಳೂ ಆಗಿರಲಿಲ್ಲ, ಆಗಲೇ ನಾನು ಊರಿನ ಇತಿಹಾಸ ಸಂಘದ ಕಾರ್ಯದರ್ಶಿಯಾಗಿಬಿಟ್ಟೆ. ಅಕ್ಷರ ದುಂಡಗಿದೆ ಎಂಬುದೊಂದೇ ನನ್ನ ಅರ್ಹತೆ. ಆದರೂ ಊರಿನ ಇತಿಹಾಸವೆಲ್ಲ ನನ್ನ ಹೆಗಲ ಮೇಲೆಯೇ ನಿಂತಿದೆ ಎಂದು ನಂಬಿದ್ದೆ.

ಶಾಲೆಯ ಮೂಲೆಯ ಕೋಣೆಯೇ ನಮ್ಮ ಸಂಗ್ರಹಾಲಯ. ಮನೆಮನೆ ತಿರುಗಿ ಹಳೆಯ ಒಡಿಕತ್ತಿ, ಪೀಚೆಕತ್ತಿ, ಕೋವಿ ಎಲ್ಲ ಸೇರಿ ಹದಿನೇಳು ಆಯುಧ ತಂದೆ. ಒಂದೊಂದಕ್ಕೂ ಚೀಟಿ ಬರೆದೆ. 'ಶತ್ರುಗಳ ಎದೆ ನಡುಗಿಸಿದ ಖಡ್ಗ', 'ಹುಲಿಯನ್ನು ಒಂದೇ ಏಟಿಗೆ ಕೆಡವಿದ ಆಯುಧ'. ಯಾವ ಶತ್ರು, ಯಾವ ಹುಲಿ ಎಂದು ಕೇಳಬೇಡಿ. ನನಗೂ ಗೊತ್ತಿಲ್ಲ!

ಮಡಿಕೇರಿಯಿಂದ ಅಧಿಕಾರಿಯೊಬ್ಬರು ಬಂದು ನೋಡಿ ಮೆಚ್ಚಿದರೆ ಕೋಣೆ ಸಂಘಕ್ಕೆ, ಇಲ್ಲವಾದರೆ ಶಾಲೆಯ ಸೌದೆಗೆ ಎಂದು ತೀರ್ಮಾನವಾಗಿತ್ತು. ಮದರಾಸಿನಿಂದ ಹೊಸದಾಗಿ ಬಂದಿದ್ದ ಆ ಅಧಿಕಾರಿಗೆ ಕಾಗದ ಬರೆದು ದಿನ ಗೊತ್ತುಮಾಡಿದೆ. ರಜಾಪಟ್ಟಿಯಲ್ಲಿ ಅಂದು 'ಸ್ಥಳೀಯ ರಜೆ' ಎಂದಿತ್ತು. ರಜೆಯೆಂದರೆ ಎಲ್ಲರೂ ಬಿಡುವಾಗಿರುತ್ತಾರಲ್ಲ! ರಜೆ ಏಕೆಂದು ಯೋಚಿಸುವ ಗೋಜಿಗೆ ಹೋಗಲಿಲ್ಲ. ಮೊದಲು ಅಧಿಕಾರಿಗೆ, ಆಮೇಲೆ ಊರಿಗೆ ತಿಳಿಸುವುದೇ ಶಿಷ್ಟಾಚಾರವೆಂದು ಊರಿನವರಿಗೆ ಹೇಳಲೂ ಇಲ್ಲ.

ಹಿಂದಿನ ದಿನ ಬೆಳಿಗ್ಗೆ ಸಂಘದ ಅಧ್ಯಕ್ಷರಾದ ಸುಬೇದಾರ್ ಪೂವಯ್ಯನವರು ಬಂದವರೇ ತಮ್ಮ ಒಡಿಕತ್ತಿ ಎತ್ತಿಕೊಂಡರು. ನಾಳೆ ಅಧಿಕಾರಿ ನೋಡಲು ಬರುತ್ತಾರೆ ಎಂದು ನಾನು ಗಾಬರಿಯಿಂದ ಹೇಳಿದೆ.

"ನಾಳೆ ಕೈಲ್‌ಪೊಳ್ದ್ ಮೇಷ್ಟ್ರೇ, ಆಯುಧಪೂಜೆ. ಮನೇಲಿ ಕತ್ತಿನೇ ಇಲ್ದೆ ಹಬ್ಬ ಮಾಡೋದು ಹ್ಯಾಗೆ?"

ಅವರ ಹಿಂದೆಯೇ ಊರೆಲ್ಲ ಬಂತು. ಸಂಜೆಗೆ ಹದಿನೇಳು ಚೀಟಿಗಳು ಮಾತ್ರ ಉಳಿದವು. ಅಧಿಕಾರಿಗೆ ಬರುವುದು ಬೇಡವೆಂದು ತಿಳಿಸಲು ಹೊತ್ತು ಮೀರಿತ್ತು.

ಮರುದಿನ ಹೆಂಡತಿ ಸರೋಜ ಬಾವಿಯ ಕಡೆ ಹೋದದ್ದು ನೋಡಿ ನಮ್ಮ ಅಡುಗೆಮನೆಗೇ ದಾಳಿಯಿಟ್ಟೆ. ಈಳಿಗೆಮಣೆ, ಒನಕೆ, ಸೌಟು, ಮುದ್ದೆಕೋಲು ಎಲ್ಲವೂ ಸಂಗ್ರಹಾಲಯಕ್ಕೆ ಬಂದವು. ಹೊಸ ಚೀಟಿ ಬರೆಯಲು ಪುರುಸೊತ್ತಿರಲಿಲ್ಲ.

ಅಧಿಕಾರಿ ಕನ್ನಡವನ್ನು ಕೂಡಿಸಿ ಕೂಡಿಸಿ ಓದುವವರು. 'ಶತ್ರುಗಳ ಎದೆ ನಡುಗಿಸಿದ ಖಡ್ಗ' ಎಂದು ಓದಿ, ಅದರ ಮೇಲಿದ್ದ ಮುದ್ದೆಕೋಲನ್ನು ಬಹಳ ಹೊತ್ತು ನೋಡಿದರು. ಇದು ಯಾವ ಯುದ್ಧದ್ದು ಎಂದು ಕೇಳಿದರು. ಸಂಶೋಧನೆ ನಡೆಯುತ್ತಿದೆ ಎಂದೆ.

ಅಷ್ಟರಲ್ಲಿ ಸರೋಜ ಒಳಗೆ ಬಂದಳು. 'ಮುಟ್ಟಬಾರದು' ಎಂಬ ಹಲಗೆಯನ್ನು ಸರಿಸಿ ಮುದ್ದೆಕೋಲು ಎತ್ತಿಕೊಂಡಳು.

"ಊರವ್ರಿಗೆ ಆಯುಧ ವರ್ಷಕ್ಕೊಂದಿನ ಬೇಕು. ನಂಗೆ ದಿನಾ ಬೇಕು ಕಣ್ರೀ. ಎಸರು ಕುದೀತಿದೆ."

ನಾನು ತಲೆ ತಗ್ಗಿಸಿ ನಿಜ ಒಪ್ಪಿಕೊಂಡೆ. ಅಧಿಕಾರಿ ಹೊಟ್ಟೆ ಹಿಡಿದುಕೊಂಡು ನಕ್ಕು, ಹಾಗಾದರೆ ಕತ್ತಿಗಳು ಇರುವಲ್ಲಿಗೇ ಹೋಗೋಣ ಎಂದರು. ಸುಬೇದಾರರ ಮನೆಯಲ್ಲಿ ದೀಪದ ಮುಂದೆ ಗಂಧ ಹಚ್ಚಿಸಿಕೊಂಡು, ಹೂವು ಮುಡಿದು ಆ ಒಡಿಕತ್ತಿ ಮನೆಯ ಹಿರಿಯನಂತೆ ಕೂತಿತ್ತು. ನನ್ನ ಮೇಜಿನ ಮೇಲೆ ಅದಕ್ಕೆ ಈ ಕಳೆ ಇರಲಿಲ್ಲ. ನನಗೆ ನಿಜವಾಗಿಯೂ ನಾಚಿಕೆಯಾಯಿತು.

ಹಬ್ಬದೂಟ ಮುಗಿಸಿ ಅಧಿಕಾರಿ ಕೋಣೆಯನ್ನು ಸಂಘಕ್ಕೇ ಕೊಟ್ಟರು. ವಾರದೊಳಗೆ ಕತ್ತಿಗಳೂ ಮರಳಿದವು. ಈಗ ಎಲ್ಲದರ ಮುಂದೆಯೂ 'ಮುಟ್ಟಬಾರದು' ಎಂದಿದೆ. ಸುಬೇದಾರರೇ ಮೊಳೆ ಹೊಡೆದು ತೂಗುಹಾಕಿದ ಒಂದು ಕ್ಯಾಲೆಂಡರಿನ ಕೆಳಗೆ ಮಾತ್ರ ಅವರದೇ ಕೈಯ ಬೇರೆ ಚೀಟಿ: 'ಮೇಷ್ಟ್ರು ದಿನಾ ನೋಡತಕ್ಕದ್ದು.'

ಅಕ್ಷರ ನನ್ನದಕ್ಕಿಂತ ದುಂಡಗಿದೆ!