ಇಪ್ಪತ್ತು ಕೆಜಿ ಇಂಜಿನ್ನು, ತೊಂಬತ್ತೆರಡು ಕೆಜಿ ನಾನು

ಗಂಡಸಾದವನಿಗೆ ತನ್ನ ಬೆನ್ನ ಮೇಲೆ ಏನು ಹೊರಬೇಕೆಂದು ಆರಿಸಿಕೊಳ್ಳುವ ಸ್ವಾತಂತ್ರ್ಯವಾದರೂ ಇರಬೇಕೋ ಬೇಡವೋ? ನನಗಿಲ್ಲ. ನನ್ನ ಹೆಸರು ಸೋಮಲಿಂಗ, ಮೂಡಲಗಿಯಲ್ಲಿ ದನದ ಹಿಂಡಿಯ ಅಂಗಡಿ. ಚೀಲ ತೂಗಿ ತೂಗಿ, ಯಾವ ವಸ್ತು ಎಷ್ಟು ಭಾರ ಎಂದು ಕಣ್ಣಳತೆಯಲ್ಲೇ ಹೇಳಬಲ್ಲೆ. (ನನ್ನೊಬ್ಬನನ್ನು ಬಿಟ್ಟು.)

ನನಗೆ ಹುಚ್ಚು ಹತ್ತಿಸಿದವನು ಹುಕ್ಕೇರಿಯ ಶುಭಮ್. ಅವನು ಜನರಿಗೆ ಪ್ಯಾರಾಮೋಟರ್ ಹಾರಿಸಲು ಕಲಿಸುತ್ತಾನೆ. ಬೆನ್ನಿಗೊಂದು ಇಂಜಿನ್ನು, ಅದಕ್ಕೊಂದು ದೊಡ್ಡ ಫ್ಯಾನು, ತಲೆಯ ಮೇಲೆ ಬಟ್ಟೆಯ ರೆಕ್ಕೆ. ಇಷ್ಟು ಕಟ್ಟಿಕೊಂಡು ಬಯಲಿನಲ್ಲಿ ಓಡಿದರೆ ಮನುಷ್ಯ ಗಾಳಿಯಲ್ಲಿ. ಒಂದು ದಿನ ಅವನು ನಮ್ಮ ಕಬ್ಬಿನ ಹೊಲದ ಮೇಲೆಯೇ ಹಾರಿಹೋದ. ಬದುವಿನ ಮೇಲೆ ನಿಂತು ನಾನು ಕೈ ಬೀಸಿದೆ, ಅವನೂ ಬೀಸಿದ. ಅಷ್ಟೇ, ಹಿಂಡಿ ವ್ಯಾಪಾರಿ ಸೋಮಲಿಂಗ ಮುಗಿದು ಗಗನವಿಹಾರಿ ಸೋಮಲಿಂಗ ಹುಟ್ಟಿದ. ಹುಟ್ಟಿದಾಗಿನಿಂದ ಕಬ್ಬನ್ನು ಬುಡದ ಕಡೆಯಿಂದಲೇ ನೋಡಿದ್ದೇನೆ, ಒಂದು ಸಲ ತುದಿಯ ಕಡೆಯಿಂದ ನೋಡಬೇಕು! ನಗಬೇಡಿ, ಆ ಆಸೆ ನಿಜವಾದದ್ದು. ಊಟಕ್ಕೆ ಕೂತರೂ ಕಿವಿಯಲ್ಲಿ ಫ್ಯಾನಿನ ಸದ್ದೇ ಕೇಳುತ್ತಿತ್ತು.

ನಮ್ಮ ಮನೆಯ ಅರ್ಥಖಾತೆ ನನ್ನ ಹೆಂಡತಿ ನಂದಾಳ ಕೈಯಲ್ಲಿದೆ. ಗೋಕಾಕದಿಂದ ಒಂದು ಡಬ್ಬಿ ಕರದಂಟು ತಂದು ಅವಳ ಎದುರಿಗಿಟ್ಟು, ಅವಳು ಬಾಯಿಗೆ ಹಾಕಿಕೊಂಡ ಮೇಲೆ ವಿಷಯ ತೆಗೆದೆ. (ಬಾಯಿ ತುಂಬಿದ್ದಾಗ ಬೈಗುಳ ಕಡಿಮೆ.)

"ಎರಡು ನಮೂನಿ ಇಂಜಿನ್ ಅದಾವ. ಒಂದು ಮೂವತ್ತು ಕೆಜಿ, ಇನ್ನೊಂದು ಇಪ್ಪತ್ತು ಕೆಜಿ. ಹಗುರಂದು ಸ್ವಲ್ಪ ತುಟ್ಟಿ."

"ಹಗುರಂದು ತುಟ್ಟಿ?" ನಂದಾಳ ಬಾಯಿ ಅರ್ಧಕ್ಕೇ ನಿಂತಿತು.

ಕೊಪ್ಪರಿಗೆಯಿಂದ ಹಿಡಿದು ಬೆಂಡೋಲೆಯವರೆಗೆ ಏನನ್ನೇ ಆಗಲಿ ಕೈಯಲ್ಲಿ ಎತ್ತಿ ನೋಡದೆ ಕೊಂಡವಳಲ್ಲ ಇವಳು. ಭಾಂಡೆ ಅಂಗಡಿಯಲ್ಲಿ ಹಂಡೆ ಹಗುರ ಎನಿಸಿದರೆ ಅಂಗಡಿಯವನ ಮುಖವನ್ನೂ ನೋಡದೆ ಮೆಟ್ಟಿಲು ಇಳಿಯುತ್ತಾಳೆ.

"ಕಡಿಮಿ ಸಾಮಾನಿಗೆ ಜಾಸ್ತಿ ರೊಕ್ಕ ಕೊಡವ್ರು ನೀವೊಬ್ಬರ ನೋಡ್ರಿ. ನಿಮ್ಮ ಅಂಗಡ್ಯಾಗ ಹಿಂಡಿ ಹಿಂಗ ಮಾರ್ತೀರೇನು? ಅರ್ಧ ಚೀಲ ಹಾಕಿ, ಹಗುರ ಐತಿ, ಜಾಸ್ತಿ ಕೊಡ್ರಿ ಅಂತೀರೇನು?"

"ಹಂಗಲ್ಲ ನಂದಾ. ನಾ ಮೊದಲ ಭಾರ ಅದೇನಿ. ಇಂಜಿನ್ನರೆ ಹಗುರ ಇರಲಿ ಅಂತ."

ಲೆಕ್ಕ ನನಗಂತೂ ಬಹಳ ಸರಿ ಕಂಡಿತ್ತು. ಶುಭಮ್‌ನಿಗೆ ಫೋನು ಹಚ್ಚಿ, ನಂದಾಳಿಗೂ ಕೇಳುವಂತೆ ಸ್ಪೀಕರ್ ಹಾಕಿದೆ. ಅದೇ ತಪ್ಪಾಯಿತು.

"ಕಾಕಾ, ಹಗುರ ಇಂಜಿನ್ ಹಗುರ ಮಂದಿಗೆ. ಅದರ ಜೋರು ಕಡಿಮಿ. ಎಪ್ಪತ್ತೈದು ಕೆಜಿ ಮ್ಯಾಲ ಇದ್ದವ್ರನ್ನ ಅದು ಎತ್ತಾಂಗಿಲ್ಲ. ನಿಮಗ ದೊಡ್ಡದ ಬೇಕು."

"ದೊಡ್ಡದನ್ನ ಬೆನ್ನಿಗೆ ಕಟಗೊಂಡು ಓಡಾಕ ಆಗತೈತೇನೋ?"

"ಅದನ್ನ ನೀವ ಹೇಳಬೇಕ್ರಿ ಕಾಕಾ. ಮೊಣಕಾಲು ನಿಮ್ಮವು."

ಮೊಣಕಾಲುಗಳನ್ನು ಕೇಳಿದೆ. ಅವು ಮೂವತ್ತು ಎನ್ನುವಷ್ಟರಲ್ಲೇ ಕಟಕಟ ಎಂದವು. ನಂದಾ ಅಲ್ಲೇ ತೀರ್ಪು ಕೊಟ್ಟಳು.

"ಇಂಜಿನ್ ಹಗುರ ಮಾಡಾಕ ರೊಕ್ಕ ಬೇಕು, ನಿಮ್ಮನ್ನ ಹಗುರ ಮಾಡಾಕ ಬ್ಯಾಡ. ಈ ಮನ್ಯಾಗ ಎಪ್ಪತ್ತೈದರ ಒಳಗ ಯಾರ ಇರ್ತಾರೋ ಅವ್ರಿಗೆ ಹಗುರ ಇಂಜಿನ್ ಕೊಡಸ್ತೇನಿ. ಬಸವಣ್ಣನ ಆಣಿ."

ಅಂಗಡಿಯ ಕಾಟಾದ ಮೇಲೆ ನಿಂತೆ. ತೊಂಬತ್ತೆರಡು.

ಮರುದಿನವೇ ತರಬೇತಿ ಶುರು. ನಂದಾ ಹಿಂಡಿ ಚೀಲ ಕತ್ತರಿಸಿ, ಎರಡೂ ಹೆಗಲಿಗೆ ಪಟ್ಟಿ ಹೊಲಿದು, ಒಳಗೆ ಎರಡು ಬೆಲ್ಲದ ಪೆಂಟಿ ಇಳಿಸಿದಳು. ಮಸಗುಪ್ಪಿಯಲ್ಲಿ ಅವಳ ತಮ್ಮನ ಗಾಣವಿದೆ. ಅಲ್ಲಿಂದ ಬಂದ ಒಂದೊಂದು ಪೆಂಟಿ ಸರಿಯಾಗಿ ಹತ್ತು ಕೆಜಿ.

"ಇದ ನಿಮ್ಮ ಇಂಜಿನ್. ದಿನಾ ಮುಂಜಾನಿ ಕಾಲುವಿ ತನಕ ಹೊತಗೊಂಡು ಹೋಗಿ ಬರ್ರಿ. ಬೆನ್ನೂ ಗಟ್ಟಿ ಆಗತೈತಿ, ಹೊಟ್ಟಿನೂ ಕರಗತೈತಿ."

ಬೇರೆ ಊರಿನವರಾಗಿದ್ದರೆ ಚೀಲಕ್ಕೆ ಕಲ್ಲು ತುಂಬುತ್ತಿದ್ದರು, ಉಸುಕು ತುಂಬುತ್ತಿದ್ದರು. ಕಬ್ಬಿನ ನಾಡಿನ ಹೆಣ್ಣುಮಗಳು, ತೂಕ ಬೇಕೆಂದರೆ ಕೈ ಬೆಲ್ಲದ ಕಡೆಗೇ ಹೋಯಿತು. ಅದು ಅವಳ ತಪ್ಪು ಎಂದು ಇಂದಿಗೂ ವಾದಿಸುತ್ತೇನೆ.

ಕಾಲುವೆಯ ದಾರಿಯಲ್ಲಿ ಎದುರಾದ ಪಕ್ಕದ ಹೊಲದ ಯಲ್ಲಾರಿ ಚೀಲ ಮುಟ್ಟಿ ನೋಡಿ, "ಬೆಲ್ಲ ಹೆಂಗ ಕೊಟ್ರಿ, ಸಾವ್ಕಾರ?" ಎಂದು ಕೇಳಿದ.

"ಇದು ಬೆಲ್ಲ ಅಲ್ಲೋ, ಇಂಜಿನ್" ಎಂದೆ. ಅವನು ನನ್ನನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿ, ಮರುದಿನದಿಂದ ಬೇರೆ ದಾರಿ ಹಿಡಿದ.

ಇತ್ತ ಮನೆಯಲ್ಲಿ ನನ್ನ ತಾಟಿನ ಮೇಲೆ ಬರಗಾಲ. ಒಂದೇ ರೊಟ್ಟಿ, ಮೇಲೆ ನಾಲ್ಕು ಹೆಸರುಕಾಳು, ತುಪ್ಪದ ಗಿಂಡಿ ಕಪಾಟಿನಲ್ಲಿ ಬಂಧನದಲ್ಲಿ. ಹಸಿದ ಮನುಷ್ಯ, ಬೆನ್ನ ಮೇಲೆ ಇಪ್ಪತ್ತು ಕೆಜಿ ಹೊಸ ಬೆಲ್ಲ, ಮೂಗಿಗೆ ಘಮಘಮ ವಾಸನೆ! ಕಾಲುವೆಯ ಕಟ್ಟೆಯ ಮೇಲೆ ದಣಿವಾರಿಸಿಕೊಳ್ಳಲು ಕೂತಾಗ ಒಂದು ಮೂಲೆ ಮುರಿದೆ. ಮರುದಿನ ಇನ್ನೊಂದು ಮೂಲೆ. ಇಂಜಿನ್ನನ್ನು ಹಗುರ ಮಾಡುವುದು ದೊಡ್ಡ ದೊಡ್ಡ ಕಂಪನಿಗಳೂ ಮಾಡುವ ಕೆಲಸ; ನಾನೂ ನನ್ನ ಕೈಲಾದಷ್ಟು ಸಂಶೋಧನೆ ಮಾಡಿದೆ.

ತಿಂಗಳಾದ ಮೇಲೆ ನಂದಾ ಅಂಗಡಿಗೆ ಬಂದು ಕಾಟಾದ ಮುಂದೆ ನಿಂತಳು. ಮೊದಲು ಪೈಲಟ್‌ನನ್ನು ತೂಗಿದಳು, ತೊಂಬತ್ತೈದು. ಆಮೇಲೆ ಇಂಜಿನ್ನನ್ನು ತೂಗಿದಳು, ಹದಿಮೂರು. ಚೀಲ ಬಿಚ್ಚಿ ನೋಡಿದಳು. ಒಂದು ಪೆಂಟಿಯ ಜಾಗದಲ್ಲಿ ತೆಂಗಿನಕಾಯಿ ಗಾತ್ರದ ಬೆಲ್ಲದುಂಡೆ ನಾಚಿಕೊಂಡು ಕೂತಿತ್ತು.

"ಇಂಜಿನ್ ಎಲ್ಲಿ ಹೋತ್ರಿ?"

"ಒಟ್ಟು ಲೆಕ್ಕ ಹಿಡಿ ನಂದಾ. ಇಬ್ಬರದೂ ಕೂಡಿ ಮೊದಲಿಗಿಂತ ನಾಲ್ಕು ಕೆಜಿ ಕಡಿಮಿನ ಆಗೈತಿ."

ಅವಳು ಆ ಉಂಡೆಯನ್ನೂ ಕಸಿದುಕೊಂಡು, ನನ್ನ ಜೊತೆ ಹುಕ್ಕೇರಿಯ ಬಸ್ಸು ಹತ್ತಿದಳು. ಹುಕ್ಕೇರಿಗೆ ಯಾಕೆ ಎಂದರೆ, ಹಗುರ ಇಂಜಿನ್ನನ್ನು ಒಮ್ಮೆ ಬೆನ್ನಿಗೆ ಹಾಕಿಯಾದರೂ ನೋಡುತ್ತೇನೆ, ಆಮೇಲೆ ಈ ಹೆಸರೇ ಎತ್ತುವುದಿಲ್ಲ ಎಂದು ನಾನು ಕೈಮುಗಿದು ಕೇಳಿಕೊಂಡಿದ್ದೆ.

ಶುಭಮ್ ರೆಕ್ಕೆ ಕಟ್ಟಲಿಲ್ಲ. "ಬರೇ ಇಂಜಿನ್ ಹೊತಗೊಂಡು ಆ ಗಿಡದ ತನಕ ಓಡ್ರಿ ಕಾಕಾ, ನೋಡೂಣು" ಎಂದ. ಓಡಿದೆ. ಫ್ಯಾನು ಹಿಂದಿನಿಂದ ದೂಡುತ್ತಿತ್ತು, ಕಾಲುಗಳು ಮುಂದೆ ಬರಲು ಒಲ್ಲೆ ಎನ್ನುತ್ತಿದ್ದವು, ನಡುವೆ ಹೊಟ್ಟೆ ಪಂಚಾಯಿತಿ ಮಾಡುತ್ತಿತ್ತು. ಅರ್ಧ ದಾರಿಯಲ್ಲಿ ನಾನು ಯಾರ ಸಹಾಯವೂ ಇಲ್ಲದೆ ಭೂಮಿಗೆ ಇಳಿದೆ.

"ಕಾಕೂ, ನೀವೊಮ್ಮೆ?" ಎಂದ ಶುಭಮ್, ಸುಮ್ಮನೆ ನಗೆಗೆ.

ಮೇವಿನ ಹೊರೆ ತಲೆಯ ಮೇಲಿಟ್ಟುಕೊಂಡು ಬದು ಜಿಗಿದು ಬೆಳೆದವಳು ನಂದಾ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಇಂಜಿನ್ನು ಬೆನ್ನಿಗೇರಿಸಿಕೊಂಡು, ಗಿಡದ ತನಕ ಓಡಿ, ಗಿಡ ಸುತ್ತಿ, ವಾಪಸು ಬಂದು ನಿಂತಳು. ಉಸಿರು ಕೂಡ ಏರಿರಲಿಲ್ಲ.

ಶುಭಮ್‌ನ ದೊಡ್ಡ ಇಂಜಿನ್ನು ಅವನ ಜೊತೆ ಇನ್ನೊಬ್ಬ ಹಗುರ ಮನುಷ್ಯನನ್ನು ಎತ್ತುತ್ತದಂತೆ. ಅಲ್ಲಿದ್ದ ಹಗುರ ಮನುಷ್ಯ ಯಾರೆಂದು ಹೇಳಬೇಕಾಗಿಲ್ಲ. ಅವರು ಮೇಲೆದ್ದಾಗ ಮೊದಲು ನನಗೆ ಹೊಟ್ಟೆ ಉರಿಯಿತು. ಅವರು ಚಿಕ್ಕದಾಗುತ್ತ ಹೋದಂತೆ ಹೆದರಿಕೆಯಾಯಿತು. ಇವಳಿಗೇನಾದರೂ ಆದರೆ ನನ್ನನ್ನು ಬೈಯುವವರು ಯಾರು? ಶಿವಾ ಶಿವಾ ಎನ್ನುತ್ತ, ಕುತ್ತಿಗೆ ನೋಯುವವರೆಗೆ ಮೇಲೆ ನೋಡುತ್ತ ನಿಂತೆ.

ಇಳಿದು ಬಂದವಳ ಕಣ್ಣಲ್ಲಿ ನೀರಿತ್ತು. "ಭೂಮಿ ಎಷ್ಟ ಚಂದ ಐತ್ರಿ!" ಎಂದಳು. ಮದುವೆಯಾದಾಗಿನಿಂದ ಅವಳ ಮುಖ ಅಷ್ಟು ಅರಳಿದ್ದನ್ನು ನಾನು ಕಂಡಿರಲಿಲ್ಲ. ಸೆರಗಿನಿಂದ ಕಣ್ಣೊರೆಸಿಕೊಂಡು, "ಹಗುರಂದ ತಗೊಳ್ಳೂಣು" ಎಂದಳು.

"ನಾ ಇನ್ನೂ ತೊಂಬತ್ತೈದು ಅದೇನಲ್ಲ?" ಎಂದೆ, ಕುಣಿಯುವುದೊಂದು ಬಾಕಿ.

"ನಾ ಐವತ್ತನಾಕು ಅದೇನ್ರಿ. ಬಸವಣ್ಣನ ಆಣಿ ಮಾಡೇನಿ, ತಪ್ಪಾಕ ಬರೂದಿಲ್ಲ."

ಇಂಜಿನ್ನು ಬಂತು. ಬೇಸಿಗೆಯಿಡೀ ನಂದಾ ಹುಕ್ಕೇರಿಗೆ ಹೋಗಿ ಶುಭಮ್‌ನ ಹತ್ತಿರ ಕಲಿತಳು, ಪಾಸೂ ಆದಳು. ಈಗ ರವಿವಾರ ಮುಂಜಾನೆ ನಮ್ಮ ಹೊಲದ ಆಚೆಯ ಬಯಲಿನಿಂದ ಹಾರುತ್ತಾಳೆ. ಬಯಲಿಗೆ ಗಾಡಿ ಹೋಗುವುದಿಲ್ಲ, ಕಾಲುವೆಯ ದಾರಿಯಲ್ಲೇ ನಡೆಯಬೇಕು. ಇಂಜಿನ್ನು ಅಲ್ಲಿಯವರೆಗೆ ನನ್ನ ಬೆನ್ನ ಮೇಲೆ ಬರುತ್ತದೆ. ಇಪ್ಪತ್ತು ಕೆಜಿ, ಆ ದಾರಿಗೆ ಆ ತೂಕ ನನ್ನ ಬೆನ್ನಿಗೆ ಚೆನ್ನಾಗಿ ರೂಢಿಯಾಗಿದೆ. ಯಲ್ಲಾರಿ ಈಗ ನನ್ನ ಮಾತು ನಂಬುತ್ತಾನೆ.

ಕಳೆದ ವಾರ ಇಳಿದ ಕೂಡಲೇ ಕೇಳಿದೆ. "ನಮ್ಮ ಕಬ್ಬು ತುದಿ ಕಡಿಂದ ಹೆಂಗ ಕಾಣತೈತಿ?"

"ಹಸರ ಗಾದಿ ಹಾಸಿದಂಗ ಕಾಣತೈತ್ರಿ" ಎಂದಳು ಹೆಲ್ಮೆಟ್ ತೆಗೆಯುತ್ತ. ಕೇಳಿಯೇ ನನಗೆ ಅರ್ಧ ಹಾರಿದಷ್ಟು ಸುಖವಾಯಿತು. "ಅದರ ಬಾಜೂಕ ಬೇವಿನ ಗಿಡ ಕಾಣತೈತಿ. ಗಿಡದ ಬುಡಕ್ಕ ಕುಂತು ನೀವು ಬೆಲ್ಲ ತಿನ್ನೂದೂ ಕಾಣತೈತಿ."

ಕಿಸೆಯಲ್ಲಿ ಉಳಿದಿದ್ದ ತುಂಡನ್ನು ಅವಳ ಕೈಗಿಟ್ಟು, ನಾನು ಇಂಜಿನ್ನನ್ನು ಬೆನ್ನಿಗೇರಿಸಿಕೊಂಡೆ.