ದೋಣಿಗೆ ಹೊತ್ತ ನೀರು

ನೀರಿಲ್ಲದ ಕೆರೆಯಲ್ಲಿ ಮೋಟಾರು ದೋಣಿ ಇಟ್ಟುಕೊಂಡವರು ನಗುವ ಸಂಗತಿಗಳನ್ನು ಹುಡುಕಿಕೊಂಡು ಹೋಗಬೇಕಿಲ್ಲ. ಅವು ತಾವಾಗಿ ಬಂದು ಕಚೇರಿಯ ಬೆಂಚಿನ ಮೇಲೆ ಕೂರುತ್ತವೆ. ತೊಂಬತ್ತರ ದಶಕದ ಕೊನೆಯಿಂದ ಕೆಲವು ವರ್ಷ ನಾನು ಮೀನುಗಾರಿಕೆ ಇಲಾಖೆಯ ಅಂಥದೊಂದು ಕಚೇರಿಯಲ್ಲಿದ್ದೆ. ಚಳ್ಳಕೆರೆಯಿಂದ ಮೊಳಕಾಲ್ಮೂರಿಗೆ ಹೋಗುವ ಬಸ್ಸು ಕೆರೆ ಏರಿಯ ಹತ್ತಿರ ಒಂದು ಗಳಿಗೆ ನಿಲ್ಲುವ ಊರು. ಕೆರೆ ತುಂಬಿದ ವರ್ಷ, ಮೀನು ಸಾಕಲೆಂದು ಮೇಲಿನವರು ದೋಣಿ ಮಂಜೂರು ಮಾಡಿದರು. ದೋಣಿ ಬರುವ ಹೊತ್ತಿಗೆ ಕೆರೆಯಂಗಳದಲ್ಲಿ ಕುರಿ ಮೇಯುತ್ತಿದ್ದವು. ಅದನ್ನು ಏರಿಯ ಕೆಳಗೆ ಒಂದು ಶೆಡ್ಡಿನಲ್ಲಿ ಮಲಗಿಸಿದೆವು. ನೋಡಿಕೊಳ್ಳಲು ಒಬ್ಬ ತಾತನನ್ನು ನೇಮಿಸಿದೆವು. ಶೆಡ್ಡಿಗೆ ಅಂಟಿದ ಕೋಣೆಯಲ್ಲಿ ಅವನೂ ಅವನ ಹೆಂಡತಿಯೂ ಇದ್ದರು.

೧. ಆಯಿಲ್

ದೋಣಿ ತಂದಿಳಿಸಿದ ಕರಾವಳಿಯ ಮೆಕ್ಯಾನಿಕ್ ತಾತನನ್ನು ಕೂರಿಸಿಕೊಂಡು ಪಾಠ ಹೇಳಿದ. ದೋಣಿ ಮಲಗಿದ್ದರೂ ಇಂಜಿನ್ ಮಲಗಬಾರದು. ಆಗಾಗ ಫ್ಯಾನಿರುವ ಅದರ ಬಾಲವನ್ನು ಡ್ರಮ್ಮಿನ ನೀರಿನಲ್ಲಿ ಮುಳುಗಿಸಿ ಓಡಿಸಬೇಕು. ಪೆಟ್ರೋಲಿಗೆ ಆಯಿಲ್ ಬೆರೆಸದೆ ಓಡಿಸಬಾರದು. ಪೆಟ್ರೋಲ್ ಬಹಳ ದಿನ ಇಟ್ಟರೆ ಹಳಸುತ್ತದೆ, ಹಳತನ್ನು ತೆಗೆದು ಹೊಸತು ಹಾಕಬೇಕು. ತಾತ ಎಲ್ಲದಕ್ಕೂ ತಲೆಯಾಡಿಸಿದ.

ಚಳ್ಳಕೆರೆ ಎಣ್ಣೆ ಮಿಲ್ಲುಗಳ ಊರು. ಅಲ್ಲಿ ಆಯಿಲ್ ಎಂದರೆ ಯಾವ ಆಯಿಲ್ ಎಂದು ಯಾರೂ ಕೇಳುವುದಿಲ್ಲ. ತಾತ ಹೊಸ ಶೇಂಗಾ ಎಣ್ಣೆ ತಂದು ಬೆರೆಸಿದ. ಇಂಜಿನ್ ಓಡಿತು, ಅದೇ ಆಶ್ಚರ್ಯ. ನೀಲಿ ಹೊಗೆ ಏರಿಯ ಮೇಲೆ ಹರಡಿತು, ಜೊತೆಗೆ ಕರಿದ ತಿಂಡಿಯ ಘಮ. ಬಸ್ಸಿಗೆ ಕಾಯುತ್ತಿದ್ದವರು ಒಬ್ಬೊಬ್ಬರಾಗಿ ವಾಸನೆ ಹಿಡಿದು ಶೆಡ್ಡಿನವರೆಗೂ ಬಂದರು.

ಅಜ್ಜಿ ಬಾಗಿಲಲ್ಲಿ ನಿಂತು ಗಂಡನನ್ನು ಕೇಳಿದಳು: "ಜನ ಬಂದವ್ರೆ. ಮೆಣಸಿನಕಾಯಿಗೆ ಹಿಟ್ಟು ಕಲಸ್ಲೇನು?"

೨. ಹಳಸುವುದು

ಹಳಸುತ್ತದೆ ಎಂಬ ಮಾತು ತಾತನ ಮನಸ್ಸಿನಲ್ಲಿ ನಾಟಿಬಿಟ್ಟಿತ್ತು. ದಿನಾ ಬೆಳಗ್ಗೆ ಕ್ಯಾನಿನ ಮುಚ್ಚಳ ತೆಗೆದು ಮೂಸಿ ನೋಡುತ್ತಿದ್ದ. "ಇನ್ನಾ ಚೆನ್ನಾಗೈತೆ ಸಾರ್" ಎಂದು ನನಗೆ ವರದಿ ಒಪ್ಪಿಸುತ್ತಿದ್ದ.

ಬೇಸಿಗೆ ಬಂತು. ಬಾಯಿ ಮುಚ್ಚಿಟ್ಟ ಸಾರು ಬೇಗ ಹಳಸುವುದನ್ನು ಅವನು ಜೀವನಪೂರ್ತಿ ಕಂಡಿದ್ದ. ಕ್ಯಾನಿನ ಮುಚ್ಚಳ ತೆಗೆದು, ಬಾಯಿಗೆ ತೆಳ್ಳನೆ ಬಟ್ಟೆ ಕಟ್ಟಿ, ಬೇವಿನ ನೆರಳಲ್ಲಿ ಗಾಳಿಗಿಟ್ಟ. ನಾನು ಮೀಟಿಂಗು ಮುಗಿಸಿಕೊಂಡು ಬರುವಷ್ಟರಲ್ಲಿ ಕ್ಯಾನು ಹಗುರಾಗಿತ್ತು.

ಮೇಲಧಿಕಾರಿ ಫೋನಿನಲ್ಲಿ ಕೇಳಿದರು: "ಓಡದ ದೋಣಿ ಪೆಟ್ರೋಲ್ ಕುಡಿಯೋದು ಹೇಗ್ರಿ?"

"ಬಿಸಿಲು ಕುಡಿಯಿತು ಸರ್" ಎಂದೆ.

"ಸರಿ. ಬಿಸಿಲಿನ ಕಡೆಯಿಂದ ಒಂದು ರುಜು ಹಾಕಿಸಿ ಕಳಿಸಿ."

೩. ಡ್ರಮ್ಮು

ಡ್ರಮ್ಮಿಗೆ ನೀರು ಬೇಕಲ್ಲ. ಊರಿನ ಕೈಪಂಪಿನಲ್ಲಿ ಸರದಿ. ಇಂಜಿನ್ ಓಡಿಸುವ ದಿನ ಅಜ್ಜಿ ತನ್ನ ಹಿತ್ತಾಳೆ ಕೊಡ ಹಿಡಿದು ನಿಲ್ಲುತ್ತಿದ್ದಳು. ತವರಿನವರು ಮದುವೆಯಲ್ಲಿ ಕೊಟ್ಟ ಕೊಡ, ಅಂಚಿನಲ್ಲಿ ಒಂದು ಕಡೆ ನಗ್ಗಿತ್ತು. ಉಳಿದ ಹೆಂಗಸರು ಬಿಡುತ್ತಾರೆಯೇ?

"ಯಾರ ಮನೆಗವ್ವ ನೀರು?"

"ದೋಣಿಗೆ."

"ಅದಕ್ಕೂ ಬಾಯಾರ್ತೈತಾ?"

ಕೊಡ ಹೊತ್ತು ಏರಿಯಿಳಿದು ಬರುತ್ತ ಅಜ್ಜಿ ನನಗೆ ಕೇಳುವಂತೆ ಹೇಳಿದಳು: "ಲೋಕದಾಗೆಲ್ಲ ನೀರು ದೋಣೀನ ಹೊರ್ತೈತೆ. ನಮ್ಮೂರಾಗೆ ನಾನು ದೋಣಿಗೆ ನೀರು ಹೊರ್ತೀನಿ."

ತಾತ ಸಿಟ್ಟು ಬಂದರೆ ತೆಲುಗಿಗೆ ಇಳಿಯುತ್ತಿದ್ದ. "ನೀಕೆಂದುಕೇ?" ಎಂದು ಗದರಿದ. ನಿನಗ್ಯಾಕೆ ಎಂದು. ಆಮೇಲೆ ದನಿ ತಗ್ಗಿಸಿ, "ಕೆರೆ ತುಂಬ್ಲಿ. ನಿನ್ನ ಕುಂದ್ರಿಸ್ಕಂಡು ಸೀದಾ ನಿನ್ನ ತವರಿಗೆ ಬಿಡ್ತೀನಿ" ಎಂದ.

ಅವಳ ತವರು ಕೆರೆಯ ಆಚೆ ದಂಡೆಯಲ್ಲಿತ್ತು. ಏರಿಯ ಮೇಲೆ ನಿಂತರೆ ಊರಮುಂದಿನ ಹುಣಸೆಮರ ಕಾಣುತ್ತಿತ್ತು. ರಸ್ತೆ ಮಾತ್ರ ಸುತ್ತು, ಎರಡು ಬಸ್ಸು ಬದಲಾಯಿಸಬೇಕು. ಕೆರೆಯಂಗಳ ಒಣಗಿದೆಯಲ್ಲ, ನಡೆದೇ ಹೋಗಬಹುದಲ್ಲವ್ವಾ ಎಂದು ಒಮ್ಮೆ ಕೇಳಿದೆ.

ಅವಳು ನನ್ನನ್ನು ಕನಿಕರದಿಂದ ನೋಡಿದಳು. "ನಡ್ಕಂಡು ಹೋದ್ರೆ ಯಾರು ನೋಡ್ತಾರೆ ಸಾಮಿ? ದೋಣ್ಯಾಗೆ ಹೋಗಿ ಇಳೀಬೇಕು. ನಮ್ಮ ಅತ್ತಿಗೆ ಹೊಟ್ಟೆ ಉರ್ಕಬೇಕು."

೪. ತೀರ್ಥ

ನಮಗೆ ಪೆಟ್ರೋಲಿಗೆಂದು ಬರುತ್ತಿದ್ದ ಹಣ ದೋಣಿಯ ಜೊತೆ ಹುಟ್ಟಿದ್ದು. ಬಂಕಿನ ದರ ಬೆಳೆಯಿತು, ಅದು ಬೆಳೆಯಲಿಲ್ಲ. ಮೊದಲು ತಾತ ಕ್ಯಾನು ತುಂಬಿಸಿ ತರುತ್ತಿದ್ದ. ಆಮೇಲೆ ಅದೇ ಕ್ಯಾನಿನ ತಳದಲ್ಲಿ ಕುಲುಕಾಡುವಷ್ಟು. ಆಮೇಲೆ ಕ್ಯಾನು ಹೊರುವುದೇ ಅವಮಾನವೆನಿಸಿ ಬಾಟಲಿ ಹಿಡಿದ. ದೋಣಿಯ ಜೊತೆ ಬಂದಿದ್ದ ಹುಟ್ಟುಗೋಲುಗಳನ್ನು ಅಷ್ಟರಲ್ಲಿ ಗೆದ್ದಲು ತಿಂದು ಮುಗಿಸಿತ್ತು. ಬದಲಿ ಕೇಳಿ ಬರೆದೆ. ಮೋಟಾರು ಇರುವ ದೋಣಿಗೆ ಹುಟ್ಟು ಏಕೆ ಎಂಬ ಉತ್ತರ ಬಂತು.

ದರ ಮತ್ತೆ ಏರಿದ ದಿನ ನಾನೂ ತಾತನ ಜೊತೆ ಬಂಕಿಗೆ ಹೋಗಿದ್ದೆ. ತಾತ ಬಾಟಲಿ ಮುಂದೆ ಹಿಡಿದ. ಪೈಪು ಹಿಡಿದವನು ದುಡ್ಡು ನೋಡಿದ, ಬಾಟಲಿ ನೋಡಿದ.

"ತಾತಾ, ಇಷ್ಟಕ್ಕೆ ಬಾಟ್ಲಿ ಯಾಕೆ? ಅಂಗೈ ಹಿಡಿ. ತೀರ್ಥ ಹಾಕ್ತೀನಿ."

ಆ ಚಳಿಗಾಲ ಅಜ್ಜಿ ಜ್ವರದಲ್ಲಿ ಮಲಗಿದಳು. ಚಳ್ಳಕೆರೆ ಆಸ್ಪತ್ರೆಯಿಂದ ತಿರುಗಿ ಬರಲಿಲ್ಲ. ಮಣ್ಣು ಮುಗಿಸಿ ಬಂದ ಮಾರನೆಯ ದಿನ ನಾನು ಶೆಡ್ಡಿನ ಕಡೆ ಹೋಗುತ್ತಿದ್ದಾಗ, ತಾತ ಕೈಪಂಪಿನ ಸರದಿಯಲ್ಲಿ ನಗ್ಗಿದ ಕೊಡ ಹಿಡಿದು ನಿಂತಿದ್ದ. ಆವತ್ತು ಇಂಜಿನ್ ಓಡಿಸುವ ದಿನ. ಹೆಂಗಸರು ಸರದಿ ಬಿಟ್ಟುಕೊಟ್ಟರು.

೫. ಆಚೆ ದಂಡೆ

ಮುಂದಿನ ಹಿಂಗಾರಿಗೆ ಕೆರೆ ತುಂಬಿತು.

ಎತ್ತು ಕಟ್ಟಿ ದೋಣಿಯನ್ನು ನೀರಿಗೆಳೆದೆವು. ಊರೆಲ್ಲ ಏರಿಯ ಮೇಲಿತ್ತು. ತಾತ ಒಗೆದ ಪಂಚೆ ಉಟ್ಟು ಬಂದ. ಕೈಯಲ್ಲಿ ಹುಣಸೆಹಣ್ಣು ಹಾಕಿ ಬೆಳಗಿದ ಕೊಡ. ಅದನ್ನು ಮುಂದಿನ ಹಲಗೆಯ ಮೇಲೆ, ಉರುಳದಂತೆ ಟವೆಲ್ಲು ಸುತ್ತಿ ಇಟ್ಟ. ನಾನು ಹಿಂದೆ ಹೋಗಿ ಕುಳಿತೆ.

ಹಗ್ಗ ಎಳೆದೊಡನೆ ಇಂಜಿನ್ ಶುರುವಾಯಿತು. ಇಷ್ಟು ವರ್ಷ ಡ್ರಮ್ಮಿನಲ್ಲಿ ಒದ್ದಾಡಿದ್ದು ಈಗ ನಿಜವಾದ ನೀರು ಕಂಡು ಕೂಗಿಕೊಂಡಿತು.

"ಗಟ್ಟಿಯಾಗಿ ಹಿಡ್ಕ" ಎಂದ ತಾತ. ಯಾರಿಗೆ ಹೇಳಿದನೋ. ನಾನೂ ಅಂಚು ಹಿಡಿದುಕೊಂಡೆ.

ಬಾಟಲಿಯಲ್ಲಿದ್ದದ್ದು ಆಚೆ ದಂಡೆಗೆ ಸಾಕಾಗುತ್ತಿತ್ತು. ಆದರೆ ತಾತ ಮೊದಲು ದೋಣಿಯನ್ನು ಏರಿಯುದ್ದಕ್ಕೂ ಒಂದು ಸುತ್ತು ತಿರುಗಿಸಿದ. "ಎಲ್ರೂ ನೋಡ್ಲಿ ಸಾರ್" ಎಂದ. ಎಲ್ಲರೂ ನೋಡಿದರು. ಆಮೇಲೆ ಹುಣಸೆಮರದ ಕಡೆ ತಿರುಗಿದೆವು. ಕೆರೆಯ ನಡುವೆ ಇಂಜಿನ್ ಎರಡು ಸಲ ಕೆಮ್ಮಿ ನಿಂತಿತು.

ಸುತ್ತ ನೀರು. ಹುಟ್ಟು ಇಲ್ಲ. ತಾತ ಬಾಟಲಿಯನ್ನು ತಲೆಕೆಳಗು ಮಾಡಿ ನೋಡಿದ. ನನ್ನನ್ನು ನೋಡಿದ. ಆಮೇಲೆ ನಿಧಾನವಾಗಿ ಟವೆಲ್ಲು ಬಿಚ್ಚಿ, ಕೊಡ ಎತ್ತಿಕೊಂಡು, ಬಗ್ಗಿ ನೀರನ್ನು ಹಿಂದಕ್ಕೆ ತಳ್ಳತೊಡಗಿದ. ನಾನು ಚಪ್ಪಲಿ ಬಿಚ್ಚಿ ಅದರಿಂದಲೇ ಇನ್ನೊಂದು ಕಡೆ ತಳ್ಳಿದೆ. ದೋಣಿ ಅಲ್ಲಾಡಿತು.

ದೂರದ ಏರಿಯ ಮೇಲಿದ್ದವರಿಗೆ ನಾವು ನೀರು ತುಂಬುತ್ತಿರುವಂತೆ ಕಂಡಿರಬೇಕು. ಒಬ್ಬಳು ಕೂಗಿದಳು: "ತಾತಾ, ನಮ್ಮನೆಗೂ ಒಂದು ಕೊಡ!"

"ಯಾವ ಕಡೆ ತಾತ?" ಎಂದೆ. "ಏರಿ ಕಡೆಗೇ ತಿರುಗಿಸೋಣವೇ?"

"ಅವ್ಳ ತವರಿಗೇ ಸಾರ್. ವಾಪಸ್ಸು ಬಸ್ಸಿಗೆ ಬಂದ್ರಾತು."

ಒಂದಷ್ಟು ಹೊತ್ತು ತಳ್ಳಿ ಅವನು ಸುಸ್ತಾಗಿ ಕುಳಿತ. ಕೊಡ ತೊಡೆಯ ಮೇಲಿಟ್ಟುಕೊಂಡು, ನಗ್ಗಿದ ಕಡೆ ಹೆಬ್ಬೆರಳಾಡಿಸಿದ. ಇದ್ದಕ್ಕಿದ್ದಂತೆ ನಗತೊಡಗಿದ. ಕಣ್ಣಲ್ಲಿ ನೀರು ಬರುವ ತನಕ ನಕ್ಕ.

"ಬದುಕಿರಗಂಟ ದೋಣಿಗೆ ನೀರು ಹೊತ್ಲು ಸಾರ್" ಎಂದ. "ಸಾಲ್ದು ಅಂತ ಈಗ ದೋಣೀನೂ ಅವ್ಳೇ ಹೊರ್ತಾ ಅವ್ಳೆ."